ಮುದಿ ನುಸಿಯ ಲೆಕ್ಕ: ಒಂದು ಮಲೇರಿಯಾ ಜ್ವರ ಎಷ್ಟು ಜ್ವರ ಆಗ್ತದೆ?

ಹೋದ ಮಳೆಗಾಲ ಶುರು ಆಗುವ ಹೊತ್ತಿಗೆ ಅಕ್ಕನ ಮಗನಿಗೆ ಜ್ವರ ಬಂತು. ಅವ ಮಂಗಳೂರಲ್ಲಿ ಒಂದು ಫ್ಲಾಟಿನ ವಯರಿಂಗ್ ಕೆಲಸಕ್ಕೆ ಹೋಗ್ತಿದ್ದ, ವಾರಕ್ಕೊಮ್ಮೆ ಕಾಸರಗೋಡಿನ ಪೆರ್ಲದ ಮನೆಗೆ ಬರುದು. ಬಂದ ರಾತ್ರಿ ಹಲ್ಲು ಕಟಕಟ ಹೇಳುವಂಥ ಚಳಿ, ಎರಡು ಕಂಬಳಿ ಹೊದಿಸಿದ್ರೂ ಮಂಚ ಅಲ್ಲಾಡ್ತಿತ್ತು, ಆಮೇಲೆ ಮೈ ಕೆಂಡದ ಹಾಗೆ, ಆಮೇಲೆ ಬನಿಯನ್ ಹಿಂಡುವಷ್ಟು ಬೆವರು. ಮರುದಿನ ಆರಾಮ, ಎದ್ದು ಗಂಜಿ ಉಂಡ. ಮೂರನೇ ದಿನ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಪುನಃ ಚಳಿ. ಬೆರಳು ಚುಚ್ಚಿ ರಕ್ತ ನೋಡಿದ್ರು, ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ.

ಮಾತ್ರೆ ಶುರು ಆದ ಮರುದಿನ ಆರೋಗ್ಯ ಕೇಂದ್ರದವ್ರು ಇಬ್ರು ಮನೆಗೆ ಬಂದ್ರು. ಒಬ್ರು ಮನೆಯಲ್ಲಿದ್ದ ಎಲ್ಲರ ರಕ್ತ ಗಾಜಿನ ಚೂರಿಗೆ ಹಚ್ಚಿ ತಕ್ಕೊಂಡ್ರು, ಇನ್ನೊಬ್ರು ಏಣಿ ಇಟ್ಟು ಟೆರೇಸಿಗೆ ಹತ್ತಿ ನೀರಿನ ಟಾಂಕಿಯ ಮುಚ್ಚಲು ತೆಗ್ದು ಟಾರ್ಚ್ ಹಾಕಿ ನೋಡಿದ್ರು. ಅಕ್ಕನಿಗೆ ಸಿಟ್ಟು. "ಅವನಿಗೆ ಜ್ವರ ಬಂದದ್ದು ಮಂಗಳೂರಿಂದ, ಇವ್ರು ನಮ್ಮ ಟಾಂಕಿ ನೋಡುದು ಎಂತಕೆ?" ಅಂತ ನನ್ನ ಹತ್ರ ಕೇಳಿದ್ಳು. ನಾನು ಗಣಿತ ಓದಿದವ, ಈ ರೋಗದ ಲೆಕ್ಕ ನನಗೆ ಬಹಳ ಇಷ್ಟದ ವಿಷಯ, ಆ ದಿನ ಅಡಿಗೆಕೋಣೆಯಲ್ಲಿ ಕೂತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೀತಿದ್ದೇನೆ. ಸೊಳ್ಳೆಗೆ ನಮ್ಮ ಕಡೆ ನುಸಿ ಅಂತಲೇ ಹೇಳುದು, ಇಲ್ಲಿಯೂ ಹಾಗೇ ಹೇಳ್ತೇನೆ.

ಮೊದ್ಲು ಟಾಂಕಿಯ ವಿಷಯ. ಅವ್ರು ಸೌಟಿನಂಥ ಬಿಳಿ ಪಾತ್ರೆಯಲ್ಲಿ ನೀರು ಮೊಗೆದು ನನಗೂ ತೋರ್ಸಿದ್ರು, ಅಕ್ಕಿಕಾಳಿಗಿಂತ ಸಪೂರದ ನಾಲ್ಕೈದು ಹುಳ, ನೀರಿನ ಮೇಲ್ಮೈಗೆ ಅಂಟಿದ ಹಾಗೆ ಅಡ್ಡ ಮಲಗಿದ್ದವು, ನೆರಳು ಬಿದ್ದ ಕೂಡ್ಲೆ ಹಿಂದೆ ಹಿಂದೆ ಸರೀತಿದ್ದವು. ಹಾಗೆ ಅಡ್ಡ ಮಲಗುದು ಅನಾಫಿಲಿಸ್ ಜಾತಿಯ ಮರಿ, ಮಲೇರಿಯಾ ಹರಡುದು ಅದೇ. ತಲೆಕೆಳಗಾಗಿ ಓರೆ ನೇತಾಡುದು ಬೇರೆ ಜಾತಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರಿನ ಚಿರಟೆಯಲ್ಲಿ ನೀರು ನಿಂತ್ರೆ ಆಗುದು ಡೆಂಗಿ ನುಸಿ, ಅದು ಹಗಲು ಕಚ್ಚುದು, ಅದರ ಲೆಕ್ಕ ಬೇರೆ. ಮಂಗಳೂರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಅನ್ನುವ ನುಸಿಗೆ ಬೇಕಾದ್ದು ಟೆರೇಸ್ ಟಾಂಕಿ, ಬಾವಿ, ಕಟ್ಟಡದ ಕೆಲಸದಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರು. ತಲಪಾಡಿಯಲ್ಲಿ ಕರ್ನಾಟಕ–ಕೇರಳ ಗಡಿ ಉಂಟು ಅಂತ ಅದಕ್ಕೆ ಗೊತ್ತಿಲ್ಲ, ನಮ್ಮ ಮನೆಯ ಟಾಂಕಿಯೂ ಅದಕ್ಕೆ ಆಗ್ತದೆ.

ಅಂದ್ರೆ ರೋಗಿ ಮಂಗಳೂರಿಂದ ಬಂದ, ನುಸಿ ಮನೆಯಲ್ಲೇ ಉಂಟು. ಇನ್ನು ಉಳಿದ ಪ್ರಶ್ನೆ ಒಂದೇ, ಈ ಒಬ್ಬನಿಂದ ಎಷ್ಟು ಜನಕ್ಕೆ ಬರಬಹುದು?

ಈ ಪ್ರಶ್ನೆಯನ್ನು ಲೆಕ್ಕವಾಗಿ ಮೊದ್ಲು ಕೇಳಿದವ್ರು ರೊನಾಲ್ಡ್ ರಾಸ್ ಅನ್ನುವ ಬ್ರಿಟಿಷ್ ಡಾಕ್ಟ್ರು. ಹುಟ್ಟಿದ್ದು ಅಲ್ಮೋರಾದಲ್ಲಿ, 1857ರಲ್ಲಿ. 1897ರ ಆಗಸ್ಟ್ 20ಕ್ಕೆ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಅನ್ನುವ ರೋಗಿಯ ರಕ್ತ ಕುಡಿದ ನುಸಿಯ ಹೊಟ್ಟೆ ಸೀಳಿ ಮೈಕ್ರೋಸ್ಕೋಪಿನಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡವ್ರು, 1902ರಲ್ಲಿ ನೊಬೆಲ್ ಸಿಕ್ಕಿತು. ಇಷ್ಟು ಶಾಲೆ ಪುಸ್ತಕದಲ್ಲಿ ಬರ್ತದೆ. ಬಾರದ್ದು ಆಮೇಲಿನ ಕಥೆ. ನುಸಿ ಕಡಿಮೆ ಮಾಡಿದ್ರೆ ಮಲೇರಿಯಾ ಹೋಗ್ತದೆ ಅಂತ ರಾಸ್ ಹೇಳಿದಾಗ ತುಂಬ ಡಾಕ್ಟ್ರುಗಳು ಒಪ್ಲಿಲ್ಲ, ನುಸಿಯನ್ನು ಪೂರ್ತಿ ಮುಗಿಸ್ಲಿಕ್ಕೆ ಆಗುದಿಲ್ಲ, ನಾಲ್ಕು ಉಳಿದ್ರೂ ಜ್ವರ ಉಳೀತದೆ ಅಂತ. ಲಾಹೋರಿನ ಹತ್ರ ಮಿಯಾನ್ ಮೀರ್ ಕಂಟೋನ್ಮೆಂಟಿನಲ್ಲಿ ಮಾಡಿ ನೋಡಿದ ಪ್ರಯೋಗ ಕೈಕೊಟ್ಟದ್ದು ಆ ಡಾಕ್ಟ್ರುಗಳ ವಾದಕ್ಕೆ ಬಲ ಕೊಟ್ಟಿತು. ರಾಸ್ ಬಿಡ್ಲಿಲ್ಲ. ಮಾರಿಷಸ್ಸಿಗೆ ಹೋಗಿ ಬಂದು 1908ರ ವರದಿಯಲ್ಲಿ, ಮತ್ತೆ 1911ರಲ್ಲಿ ಇನ್ನೂ ಸರಿಯಾಗಿ, ಸಮೀಕರಣ ಬರೆದು ತೋರ್ಸಿದ್ರು: ಎಲ್ಲಾ ನುಸಿ ಕೊಲ್ಲುದು ಬೇಡ, ಒಂದು ಮಿತಿಗಿಂತ ಕೆಳಗೆ ಇಳಿಸಿದ್ರೆ ಸಾಕು, ರೋಗ ತನ್ನಷ್ಟಕ್ಕೆ ಆರಿ ಹೋಗ್ತದೆ. ನನಗೆ ರಾಸ್ ದೊಡ್ಡವರಾಗಿ ಕಾಣುದು ನುಸಿಯ ಹೊಟ್ಟೆಯಲ್ಲಿ ಕಂಡದ್ದಕ್ಕಿಂತ ಈ ಮಾತಿಗೆ.

ಸಮೀಕರಣ ಅಂದ ಕೂಡ್ಲೆ ಹೆದ್ರುದು ಬೇಡ, ಅದು ಎರಡು ಟಾಂಕಿಯ ಲೆಕ್ಕ ಅಷ್ಟೇ. ಒಂದು ಟಾಂಕಿಯಲ್ಲಿ ಜ್ವರದ ಹುಳ (ಅಂದ್ರೆ ಆ ಮಲೇರಿಯಾ ಪರಾವಲಂಬಿ, ನುಸಿಯ ಮರಿ ಅಲ್ಲ) ಇರುವ ಮನುಷ್ಯರು, ಇನ್ನೊಂದರಲ್ಲಿ ಹುಳ ಹೊತ್ತ ನುಸಿಗಳು. ಎರಡಕ್ಕೂ ಒಂದು ಒಳಗೆ ಬರುವ ಪೈಪು, ಒಂದು ಹೊರಗೆ ಹೋಗುವ ಪೈಪು. ಮನುಷ್ಯರ ಟಾಂಕಿಯಿಂದ ಹೊರಗೆ ಹೋಗುದು ಗುಣ ಆದವ್ರು. ನುಸಿ ಟಾಂಕಿಯಿಂದ ಹೊರಗೆ ಹೋಗುದು ಸತ್ತ ನುಸಿ, ಯಾಕಂದ್ರೆ ನುಸಿಗೆ ಒಮ್ಮೆ ಹುಳ ಹತ್ತಿದ್ರೆ ಗುಣ ಆಗುದಿಲ್ಲ, ಸಾಯುವವರೆಗೂ ಹೊತ್ತುಕೊಂಡೇ ಇರ್ತದೆ. ಇಲ್ಲಿ ವಿಶೇಷ ಎಂತದು ಅಂದ್ರೆ, ಮನುಷ್ಯರ ಟಾಂಕಿಯ ಒಳಪೈಪಿನ ನಲ್ಲಿ ತಿರುಗಿಸುದು ನುಸಿ ಟಾಂಕಿಯ ನೀರಿನ ಮಟ್ಟ, ನುಸಿ ಟಾಂಕಿಯ ನಲ್ಲಿ ತಿರುಗಿಸುದು ಮನುಷ್ಯರ ಟಾಂಕಿಯ ಮಟ್ಟ. ಒಂದು ಏರಿದ್ರೆ ಇನ್ನೊಂದರ ನಲ್ಲಿ ದೊಡ್ಡ ಆಗ್ತದೆ, ಅದು ಏರಿದ್ರೆ ಇದರದ್ದು. ಮನುಷ್ಯನಿಂದ ಮನುಷ್ಯನಿಗೆ ನೇರ ಪೈಪು ಇಲ್ಲ, ನುಸಿಯಿಂದ ನುಸಿಗೂ ಇಲ್ಲ. ಮತ್ತೆ ಈಗಾಗ್ಲೇ ಹುಳ ಇರುವವನಿಗೆ ಹುಳ ಇರುವ ನುಸಿ ಪುನಃ ಕಚ್ಚಿದ್ರೆ ಹೊಸ ರೋಗಿ ಅಂತ ಲೆಕ್ಕಕ್ಕೆ ಬರುದಿಲ್ಲ. ಈ ಕೊನೇ ಮಾತು ಈಗ ಸಣ್ಣದು ಅಂತ ಕಾಣ್ತದೆ, ಮುಂದೆ ದೊಡ್ಡದಾಗ್ತದೆ.

ಎರಡೂ ಟಾಂಕಿಯ ಸುತ್ತು ಒಮ್ಮೆ ಪೂರ್ತಿ ತಿರುಗಿದಾಗ ಒಬ್ಬ ರೋಗಿಯ ಬದ್ಲಿಗೆ ಎಷ್ಟು ಹೊಸ ರೋಗಿಗಳು ಆದ್ರು ಅನ್ನುವುದೇ ಕೊರೊನಾ ಕಾಲದಲ್ಲಿ ಟಿವಿಯಲ್ಲಿ ಕೇಳಿ ಕೇಳಿ ಸಾಕಾದ ಆ "ಆರ್" ಸಂಖ್ಯೆ. 1ಕ್ಕಿಂತ ಮೇಲೆ ಇದ್ರೆ ಬೆಳೀತದೆ, ಕೆಳಗೆ ಇದ್ರೆ ಆರ್ತದೆ. ರಾಸ್ ಹೇಳಿದ ಮಿತಿ ಇದೇ ಗೆರೆ.

ಈಗ ಒಂದು ಊರು ಕಲ್ಪನೆ ಮಾಡುವ, ಅಂಕೆಗಳೆಲ್ಲ ಲೆಕ್ಕ ಅರ್ಥ ಆಗ್ಲಿಕ್ಕೆ ನಾನೇ ಹಾಕಿದ್ದು, ಯಾವ ಊರಿನ ಸರ್ವೆಯೂ ಅಲ್ಲ. ಒಬ್ಬ ಮನುಷ್ಯನಿಗೆ 2 ಹೆಣ್ಣು ನುಸಿ (ಕಚ್ಚುದು ಹೆಣ್ಣು ಮಾತ್ರ, ಮೊಟ್ಟೆಗೆ ರಕ್ತ ಬೇಕು). ನುಸಿ 2 ದಿನಕ್ಕೊಮ್ಮೆ ಕಚ್ಚುದು, ಹತ್ತು ಸಲದಲ್ಲಿ 8 ಸಲ ಮನುಷ್ಯರಿಗೆ, 2 ಸಲ ದನಕ್ಕೆ. ಹುಳ ಇರುವ ನುಸಿ ಕಚ್ಚಿದ್ರೆ ಎರಡರಲ್ಲೊಂದು ಸಲ ಮನುಷ್ಯನಿಗೆ ಹತ್ತುದು, ರೋಗಿಗೆ ಕಚ್ಚಿದ ನುಸಿಗೂ ಎರಡರಲ್ಲೊಂದು ಸಲ ಹತ್ತುದು. ಮದ್ದು ಮಾಡದಿದ್ರೆ ಒಬ್ಬನಿಂದ ನುಸಿಗೆ 50 ದಿನ ಹುಳ ಸಿಗ್ತದೆ. ಹುಳ ನುಸಿಯ ಹೊಟ್ಟೆಯಲ್ಲಿ ಬೆಳೆದು ಉಗುಳಿನ ಗ್ರಂಥಿಗೆ ಬರ್ಲಿಕ್ಕೆ 10 ದಿನ. ನುಸಿ ಒಂದು ದಿನ ಬದುಕಿ ಉಳಿಯುವ ಸಂಭವ ನೂರಕ್ಕೆ 90. ಇಷ್ಟನ್ನೂ ಗುಣಿಸಿ ಭಾಗಿಸಿದ್ರೆ ಆರ್ ಬರುದು ಸುಮಾರು 13. ಒಬ್ಬ ರೋಗಿ, 13 ಹೊಸ ರೋಗಿ.

ಈಗ ಈ ಊರಿನವ್ರು ಕಷ್ಟಪಟ್ಟು ನುಸಿಯ ಸಂಖ್ಯೆ ಅರ್ಧ ಮಾಡಿದ್ರು ಅಂತ ಇಟ್ಕೊಳ್ಳುವ. ಆರ್ ಕೂಡ ಅರ್ಧ, ಆರೂವರೆ. ಸಂಖ್ಯೆಯಿಂದಲೇ 1ಕ್ಕೆ ಇಳಿಸ್ಬೇಕಾದ್ರೆ ನೂರರಲ್ಲಿ 92ಕ್ಕಿಂತ ಹೆಚ್ಚು ನುಸಿ ಹೋಗ್ಬೇಕು. ಕಷ್ಟ. ಮನುಷ್ಯರಿಗೆ ಕಚ್ಚುವುದನ್ನು ಹತ್ತರಲ್ಲಿ 8ರಿಂದ 5ಕ್ಕೆ ಇಳಿಸಿದ್ರೆ ಎಂತ ಆಗ್ತದೆ ನೋಡಿ, 13 ಇದ್ದದ್ದು ಸುಮಾರು 5. ಇಷ್ಟು ಇಳಿಯುದು ಯಾಕಂದ್ರೆ ಕಚ್ಚುದು ಲೆಕ್ಕದಲ್ಲಿ ಎರಡು ಸಲ ಬರ್ತದೆ. ನುಸಿ ಒಮ್ಮೆ ಮನುಷ್ಯನಿಗೆ ಕಚ್ಚಿ ಹುಳ ತಕ್ಕೊಳ್ಬೇಕು, ಇನ್ನೊಮ್ಮೆ ಮನುಷ್ಯನಿಗೇ ಕಚ್ಚಿ ಕೊಡ್ಬೇಕು, ಮಧ್ಯದಲ್ಲಿ ದನಕ್ಕೆ ಕಚ್ಚಿದ್ದೆಲ್ಲ ರೋಗದ ಮಟ್ಟಿಗೆ ದಂಡ. ಸೊಳ್ಳೆಪರದೆಯ ಬೆಲೆ ಇರುದು ಹೀಗೆ ಒಂದೇ ಅಂಕೆ ಎರಡು ಸಲ ಗುಣಿಸುದರಲ್ಲಿ. ಹಾಗಂತ ಮನೆಗೆ ತಾಗಿ ಹಟ್ಟಿ ಇದ್ರೆ ಒಳ್ಳೇದು ಅಂತ ತಿಳ್ಕೊಳ್ಬೇಡಿ, ಹತ್ರದಲ್ಲೇ ಸುಲಭದ ರಕ್ತ ಸಿಕ್ಕಿ ನುಸಿ ಜಾಸ್ತಿ ಆದ್ರೆ, ಜಾಸ್ತಿ ದಿನ ಬದುಕಿದ್ರೆ ಈ ಲಾಭ ಎಲ್ಲ ತೊಳೆದು ಹೋಗ್ತದೆ.

ಜಾಸ್ತಿ ದಿನ ಬದುಕುದು ಅಂದೆ ಅಲ್ವ, ಇಡೀ ವಿಷಯದ ಜೀವ ಇರುದು ಅಲ್ಲೇ. ಹುಳ ನುಸಿಯ ಹೊಟ್ಟೆಗೆ ಹೋದ ಕೂಡ್ಲೆ ರೋಗ ಕೊಡ್ಲಿಕ್ಕೆ ಆಗುದಿಲ್ಲ, 10 ದಿನ ಕಾಯ್ಬೇಕು, ಆ 10 ದಿನ ನುಸಿ ಸಾಯದೆ ಉಳೀಬೇಕು. ದಿನಕ್ಕೆ ನೂರಕ್ಕೆ 90 ಉಳಿಯುದಾದ್ರೆ 10 ದಿನದ ಮೇಲೆ ಉಳಿದದ್ದು ನೂರರಲ್ಲಿ 35. ದಿನಕ್ಕೆ 80 ಅಂತ ಆದ್ರೆ 10 ದಿನದ ಮೇಲೆ ಉಳಿಯುದು 11. ದಿನಕ್ಕೆ 70 ಆದ್ರೆ ಬರೀ 3. ಚಕ್ರಬಡ್ಡಿ ಲೆಕ್ಕವೇ, ಆದ್ರೆ ಇಳಿಯುವ ದಿಕ್ಕಿಗೆ. ನಮ್ಮ ಕಲ್ಪನೆಯ ಊರಿನಲ್ಲಿ ಬೇರೆ ಯಾವುದನ್ನೂ ಮುಟ್ಟದೆ ಈ ಒಂದು ಅಂಕೆ 90ರಿಂದ 80 ಮಾಡಿದ್ರೆ ಆರ್ 13ರಿಂದ 2ಕ್ಕೆ ಬರ್ತದೆ, 70 ಮಾಡಿದ್ರೆ 0.3. ಮೊದಲ ಸಲ ಕಾಗದದಲ್ಲಿ ಈ ಲೆಕ್ಕ ಮಾಡಿದ ದಿನ ನಾನು ತಪ್ಪಾಗಿದೆಯಾ ಅಂತ ಮೂರು ಸಲ ಗುಣಿಸಿ ನೋಡಿದ್ದೇನೆ.

ಇದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹೇಳಿದವ್ರು ಜಾರ್ಜ್ ಮ್ಯಾಕ್‌ಡೊನಾಲ್ಡ್ ಅನ್ನುವ ಮಲೇರಿಯಾ ತಜ್ಞರು, 1950ರ ದಶಕದಲ್ಲಿ, ರಾಸ್‌ನ ಲೆಕ್ಕಕ್ಕೆ ನುಸಿಯ ಆಯುಷ್ಯವನ್ನು ಸರಿಯಾಗಿ ಸೇರಿಸಿ. ಈಗಲೂ ಆ ಮಾದರಿಗೆ ಇಬ್ಬರ ಹೆಸರೂ ಸೇರಿಸಿ ರಾಸ್–ಮ್ಯಾಕ್‌ಡೊನಾಲ್ಡ್ ಅಂತಲೇ ಹೇಳುದು. ಮಲೇರಿಯಾ ಹರಡುದು ನುಸಿಯಲ್ಲ, ಮುದಿ ನುಸಿ. ಮನೆಯಲ್ಲಿ ಹಾರುವ ಹೆಚ್ಚಿನ ಅನಾಫಿಲಿಸ್ ಅಪಾಯ ಆಗುವಷ್ಟು ವಯಸ್ಸಾಗುವ ಮೊದ್ಲೇ ಸಾಯ್ತದೆ.

ನುಸಿಯ ವಯಸ್ಸು ಗೊತ್ತಾಗುದು ಹೇಗೆ ಅಂತ ನೀವು ಕೇಳ್ಬಹುದು. ಬಹಳ ಚಂದದ ಕೆಲಸ ಅದು. ನುಸಿಯನ್ನು ಹಿಡಿದು ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಲ್ಲಿ ಹೊಟ್ಟೆಯ ತುದಿ ಎಳೆದ್ರೆ ಅಂಡಾಶಯ ಹೊರಗೆ ಬರ್ತದೆ, ಅದರ ಮೇಲೆ ಉಸಿರಿನ ಸಣ್ಣ ಸಣ್ಣ ನಾಳಗಳ ಎಳೆ. ಒಮ್ಮೆಯೂ ಮೊಟ್ಟೆ ಇಡದ ನುಸಿಯಲ್ಲಿ ಆ ಎಳೆಗಳ ತುದಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರ್ತದೆ. ಒಮ್ಮೆ ಮೊಟ್ಟೆ ತುಂಬಿ ಅಂಡಾಶಯ ಉಬ್ಬಿದಾಗ ಉಂಡೆ ಬಿಚ್ಚಿ ಎಳೆ ಹಿಗ್ಗುತ್ತದೆ, ಆಮೇಲೆ ಯಾವತ್ತೂ ಪುನಃ ಸುತ್ತಿಕೊಳ್ಳುದಿಲ್ಲ. ಉಂಡೆ ಕಂಡ್ರೆ ಹರೆಯದ್ದು, ಬಿಚ್ಚಿದ್ರೆ ಹೆತ್ತದ್ದು. ನೂರು ನುಸಿಯಲ್ಲಿ ಹೆತ್ತದ್ದು 81 ಇದ್ದು, ಕಚ್ಚಿ ಮೊಟ್ಟೆ ಇಡುವ ಸುತ್ತು 2 ದಿನದ್ದಾದ್ರೆ, 0.81ರ ವರ್ಗಮೂಲ 0.9, ಅಂದ್ರೆ ದಿನಕ್ಕೆ ನೂರಕ್ಕೆ 90 ಉಳೀತದೆ. ಹೆತ್ತದ್ದು 49 ಮಾತ್ರ ಸಿಕ್ಕಿದ್ರೆ ದಿನಕ್ಕೆ 70. ಗೋಡೆಗೆ ಮದ್ದು ಹೊಡೆದದ್ದು ಕೆಲಸ ಮಾಡಿದೆಯಾ ಅಂತ ಹೀಗೆ ನುಸಿಯ ಹೊಟ್ಟೆಯಿಂದಲೇ ಹೇಳ್ಬಹುದು.

ಗೋಡೆಯ ಮದ್ದಿನ ಗುಟ್ಟೂ ಇದೇ. ರಕ್ತ ಕುಡಿದ ನುಸಿಗೆ ಮೈ ಭಾರ, ಹತ್ರದ ಗೋಡೆಯಲ್ಲಿ ಕೂತು ಅರಗಿಸಿಕೊಳ್ತದೆ. ಗೋಡೆಯಲ್ಲಿ ಮದ್ದು ಉಂಟು, ಒಂದು ಸಲ ಕೂತ್ರೆ ನೂರರಲ್ಲಿ 40 ಸಾಯ್ತದೆ ಅಂತ ಇಟ್ಕೊಳ್ಳಿ, ಕೇಳ್ಲಿಕ್ಕೆ ದೊಡ್ಡ ಸಂಗತಿ ಅಲ್ಲ, 60 ಉಳೀತದಲ್ಲ ಅನ್ನಿಸ್ತದೆ. ಆದ್ರೆ 10 ದಿನದಲ್ಲಿ 2 ದಿನಕ್ಕೊಮ್ಮೆ ಅಂದ್ರೆ 5 ಸಲ ಕೂರ್ಬೇಕು, 0.6ನ್ನು ಐದು ಸಲ ಗುಣಿಸಿದ್ರೆ ನೂರರಲ್ಲಿ 8 ಕೂಡ ಉಳಿಯುದಿಲ್ಲ. ಫಾಗಿಂಗಿನ ಹೊಗೆ ಬಂದಾಗ ಜನಕ್ಕೆ ಸಮಾಧಾನ ಆಗ್ತದೆ, ಕಣ್ಣಿಗೆ ಕಾಣ್ತದಲ್ಲ, ಆದ್ರೆ ಅದು ಆ ಹೊತ್ತಿಗೆ ಹಾರುವ ನುಸಿಗೆ ಮಾತ್ರ, ನಾಳೆ ಹುಟ್ಟುವವಕ್ಕೆ ಎಂತ ಇಲ್ಲ. ನನಗೆ ಕೇಳಿದ್ರೆ ಗೋಡೆ ಮತ್ತು ಪರದೆಯ ಮುಂದೆ ಹೊಗೆಗೆ ಮೂರನೇ ಸ್ಥಾನ.

ಆ 10 ದಿನ ಕೂಡ ಸ್ಥಿರ ಅಲ್ಲ, ಸೆಕೆ ಚಳಿಗೆ ಬದಲಾಗ್ತದೆ. ವೈವಾಕ್ಸಿಗೆ ಹಳೇ ಒಂದು ಸೂತ್ರ ಉಂಟು, ತಾಪಮಾನದಿಂದ 14.5 ಡಿಗ್ರಿ ಕಳೆದು ಉಳಿದದ್ದರಿಂದ 105ನ್ನು ಭಾಗಿಸುದು. 25 ಡಿಗ್ರಿಯಲ್ಲಿ 10 ದಿನ, 28 ಡಿಗ್ರಿಯಲ್ಲಿ 8 ದಿನಕ್ಕೂ ಒಂಚೂರು ಕಡಿಮೆ, 20 ಡಿಗ್ರಿಯಲ್ಲಿ 19 ದಿನ. 19 ದಿನ ಬದುಕುವ ನುಸಿ ಎಷ್ಟು ಇದ್ದೀತು? ತಂಪಿನ ಊರಿನಲ್ಲಿ ನುಸಿ ಎಷ್ಟಿದ್ರೂ ಮಲೇರಿಯಾ ನೆಲೆ ಊರದ್ದು ಇದರಿಂದ. ನಮ್ಮಲ್ಲಿ ಹಾಗಲ್ಲ, ಮಳೆಗಾಲದ ಸೆಕೆ ಅದಕ್ಕೆ ಹೇಳಿ ಮಾಡಿಸಿದ ಹಾಗೆ, ಗಾಳಿಯ ಪಸೆಯಿಂದ ನುಸಿಯ ಆಯುಷ್ಯವೂ ಹೆಚ್ಚಾಗ್ತದೆ.

ಇನ್ನು ಮದ್ದು. 50 ದಿನ ಅಂತ ಹಾಕಿದ್ದನ್ನು ಬೇಗ ರಕ್ತ ನೋಡಿ ಮಾತ್ರೆ ಕೊಟ್ಟು 5 ದಿನಕ್ಕೆ ಇಳಿಸಿದ್ರೆ 13 ಇದ್ದದ್ದು 1.3. ಬೇರೆ ಯಾವುದೂ ಮಾಡದೆ, ಬರೀ ಬೇಗ ಆಸ್ಪತ್ರೆಗೆ ಹೋದದ್ದರಿಂದ. ಆದ್ರೆ ವೈವಾಕ್ಸ್ ಮೋಸದ್ದು. ರಕ್ತದಲ್ಲಿರುವ ಹುಳ ಕ್ಲೋರೋಕ್ವಿನ್ನಿಗೆ ಸಾಯ್ತದೆ, ಜ್ವರ ಮೂರು ದಿನದಲ್ಲಿ ಬಿಡ್ತದೆ, ಆದ್ರೆ ಲಿವರಿನಲ್ಲಿ ಕೆಲವು ಹುಳ ನಿದ್ದೆಗೆ ಬಿದ್ದಿರ್ತವೆ, ವಾರಗಟ್ಟಲೆ ತಿಂಗಳುಗಟ್ಟಲೆ ಕಳೆದು ಎದ್ದು ಪುನಃ ಜ್ವರ ತರ್ತವೆ. ಅದಕ್ಕೇ ಪ್ರೈಮಾಕ್ವಿನ್ ಮಾತ್ರೆ 14 ದಿನ. ಲೆಕ್ಕದಲ್ಲಿ ಇದು ಮೂರನೇ ಟಾಂಕಿ, ಹೊರಗಿಂದ ಕಾಣದ ಟಾಂಕಿ, ಯಾವ ನುಸಿಯೂ ಕಚ್ಚದೆ ಅಲ್ಲಿಂದ ರೋಗಿಗಳ ಟಾಂಕಿಗೆ ಒರೆತದ ಹಾಗೆ ಜಿನುಗ್ತಾ ಇರ್ತದೆ. ಅಕ್ಕನ ಮಗ ಐದನೇ ದಿನಕ್ಕೆ ಜ್ವರ ಬಿಟ್ಟಿತಲ್ಲ ಇನ್ನು ಸಾಕು ಅಂತ ಪ್ರೈಮಾಕ್ವಿನ್ ನಿಲ್ಲಿಸ್ಲಿಕ್ಕೆ ಹೊರಟಿದ್ದ. ನಾನು ಗದರಿದೆ, ದಿನಾ ರಾತ್ರಿ ಊಟ ಆದ ಕೂಡ್ಲೆ ಅಕ್ಕ ಎದುರು ನಿಂತು ನುಂಗಿಸಿದ್ಳು.

ಆಗ ಸಣ್ಣದು ಅಂತ ಬಿಟ್ಟ ಮಾತಿಗೆ ಬರ್ತೇನೆ, ಈಗಾಗ್ಲೇ ಹುಳ ಇರುವವನಿಗೆ ಪುನಃ ಕಚ್ಚಿದ್ದು ಲೆಕ್ಕ ಇಲ್ಲ ಅಂದೆನಲ್ಲ. ಆರ್ 13 ಇರುವ ಕಲ್ಪನೆಯ ಊರಿನಲ್ಲಿ ಕೊನೆಗೆ ನೂರರಲ್ಲಿ ಸುಮಾರು 81 ಜನರ ರಕ್ತದಲ್ಲಿ ಹುಳ ಇರ್ತದೆ ಅಂತ ಸಮೀಕರಣ ಹೇಳ್ತದೆ. ನುಸಿ ಅರ್ಧ ಮಾಡಿದ್ರು, ಆರ್ ಅರ್ಧ ಆಯ್ತು, ಹುಳ ಇರುವವ್ರು? 66. ಅಷ್ಟು ಖರ್ಚು, ಅಷ್ಟು ಬೆವರು, ಊರಿನವ್ರ ಕಣ್ಣಿಗೆ ಎಂತ ಬದಲಾಗಿಲ್ಲ, ಮನೆಮನೆಯಲ್ಲಿ ಜ್ವರ ಹಾಗೇ ಉಂಟು. ಮೊದ್ಲು ದಂಡ ಆಗ್ತಿದ್ದ ಕಚ್ಚುಗಳು ಈಗ ಲೆಕ್ಕಕ್ಕೆ ಬರ್ತಿವೆ ಅಷ್ಟೇ. 1ರ ಗೆರೆಯ ಹತ್ರ ಬಂದಾಗ ಮಾತ್ರ ಎಲ್ಲ ಒಟ್ಟಿಗೆ ಕುಸೀತದೆ. ಅರ್ಧ ದಾರಿಯಲ್ಲಿ ಕೈಬಿಟ್ಟವ್ರಿಗೆ ಈ ಕೆಲಸ ಯಾವತ್ತೂ ವ್ಯರ್ಥ ಅಂತಲೇ ಕಂಡದ್ದು.

ಕುಸಿದ ಮೇಲೆ ಕೈಬಿಟ್ಟವ್ರ ಕಥೆ ಇನ್ನೂ ದುಃಖದ್ದು. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರು, ಮನೆಮನೆಗೆ ಡಿಡಿಟಿ, 1960ರ ದಶಕದ ಮಧ್ಯಕ್ಕೆ ವರ್ಷಕ್ಕೆ 1 ಲಕ್ಷದ ಆಸುಪಾಸಿಗೆ ಇಳೀತು. ಗೆದ್ದೆವು ಅಂದುಕೊಂಡ್ರು, ಹಿಡಿತ ಸಡಿಲ ಆಯ್ತು, ಡಿಡಿಟಿಗೆ ನುಸಿ ಒಗ್ಗಿಹೋಯ್ತು, 1976ರಲ್ಲಿ 64 ಲಕ್ಷ. ಶ್ರೀಲಂಕಾದಲ್ಲಿ 1963ರಲ್ಲಿ ಇಡೀ ದೇಶಕ್ಕೆ 17 ಕೇಸ್, ಆ ದಶಕ ಮುಗಿಯುವ ಮೊದ್ಲು 5 ಲಕ್ಷ ದಾಟಿತು. ಪುನಃ ಮೊದಲಿಂದ ಹೋರಾಡಿ 2016ರಲ್ಲಿ ಮಲೇರಿಯಾ ಇಲ್ಲದ ದೇಶ ಆಯ್ತು. ರೋಗಿಗಳು ಇಲ್ಲದಾಗುದು ಬೇರೆ, ಆರ್ ಕಡಿಮೆ ಆಗುದು ಬೇರೆ. ಟಾಂಕಿ, ಬಾವಿ, ನುಸಿ, ಸೆಕೆ ಎಲ್ಲ ಹಾಗೇ ಇದ್ರೆ ಖಾಲಿ ಊರಿನಲ್ಲೂ ಆರ್ ಕಾದು ಕೂತಿರ್ತದೆ, ಒಬ್ಬ ರೋಗಿ ಬಂದ್ರೆ ಸಾಕು.

ನಮ್ಮಂಥ ಗಡಿಯ ಊರಿಗೆ ಇದು ಬಹಳ ತಾಗುವ ಮಾತು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಇಲ್ಲಿಂದ ದಿನಾ ಎಷ್ಟು ಜನ ಮಂಗಳೂರಿಗೆ ಹೋಗಿ ಬರುದು, ಕೆಲಸ, ಕಾಲೇಜು, ಆಸ್ಪತ್ರೆ. ಹೊರಗಿಂದ ರೋಗಿ ಬರ್ತಾ ಇರುವಲ್ಲಿ ಆರ್ 1ಕ್ಕಿಂತ ಕೆಳಗೆ ಉಂಟು ಅಂತ ನಿದ್ದೆ ಮಾಡ್ಲಿಕ್ಕೆ ಆಗುದಿಲ್ಲ. ಆರ್ 0.5 ಇದ್ರೆ ಹೊರಗಿಂದ ಬಂದ ಒಬ್ಬ ಸರಾಸರಿ ಒಟ್ಟು 2 ಕೇಸ್ ಆಗಿ ನಿಲ್ತಾನೆ, ಅವನನ್ನೂ ಸೇರಿಸಿ. 0.9 ಇದ್ರೆ ಒಬ್ಬ 10 ಆಗ್ತಾನೆ. ಎರಡೂ 1ಕ್ಕಿಂತ ಕೆಳಗೇ, ಎರಡೂ ಕೊನೆಗೆ ಆರ್ತದೆ, ಆದ್ರೆ ಎಷ್ಟು ವ್ಯತ್ಯಾಸ ನೋಡಿ. (1ರಿಂದ ಆರ್ ಕಳೆದು, ಉಳಿದದ್ದರಿಂದ 1ನ್ನು ಭಾಗಿಸಿದ್ರೆ ಇದು ಬರ್ತದೆ.) ಕೆಲಸಕ್ಕೆ ಹೋಗಿ ಬರುವವ್ರನ್ನು ಬೈದು ಪ್ರಯೋಜನ ಇಲ್ಲ, ಹೊಟ್ಟೆಪಾಡು ನಿಲ್ಲಿಸ್ಲಿಕ್ಕೆ ಯಾರಿಂದ ಆಗ್ತದೆ? ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವ್ರನ್ನು ಬೈಯುದಂತೂ ಅನ್ಯಾಯ, ಕಟ್ಟಡದ ಶೆಡ್ಡಿನಲ್ಲಿ ಪರದೆ ಇಲ್ಲದೆ ಮಲಗಿ ಎಲ್ಲರಿಗಿಂತ ಹೆಚ್ಚು ಕಚ್ಚಿಸಿಕೊಳ್ಳುದು ಅವ್ರೇ. ನಮ್ಮ ಕೈಯಲ್ಲಿ ಇರುದು ನಮ್ಮ ಮನೆಯ ಹತ್ರದ ಆರ್.

ಮಾದರಿಯಲ್ಲಿ ಕೊರತೆಯೂ ಉಂಟು. ರಾಸ್‌ನ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಸಮ ಕಚ್ಚುದು, ನಿಜದಲ್ಲಿ ಹಾಗಿಲ್ಲ, ನೀರಿನ ಹತ್ರ ಇರುವ ನಾಲ್ಕು ಮನೆಗೇ ಹೆಚ್ಚಿನ ಕಚ್ಚು ಬೀಳುದು, ಹಾಗೆ ಆದಾಗ ಆರ್ ಸರಾಸರಿಯಿಂದ ಲೆಕ್ಕ ಹಾಕಿದ್ದಕ್ಕಿಂತ ಮೇಲೆ ಹೋಗ್ತದೆ. ಪುನಃ ಪುನಃ ಜ್ವರ ಬಂದವ್ರಿಗೆ ಬರುವ ನಿರೋಧ ಶಕ್ತಿಯೂ ಅದರಲ್ಲಿ ಇರ್ಲಿಲ್ಲ, 1970ರ ದಶಕದಲ್ಲಿ ನೈಜೀರಿಯಾದ ಗಾರ್ಕಿಯಲ್ಲಿ ಮಾಡಿದ ದೊಡ್ಡ ಅಧ್ಯಯನದಲ್ಲಿ ಅದನ್ನು ಸೇರಿಸಿದ್ರು. ಈಗ ಕಂಪ್ಯೂಟರಿನಲ್ಲಿ ಒಂದೊಂದು ಮನುಷ್ಯನನ್ನೂ ಬೇರೆ ಬೇರೆ ಇಟ್ಟು ಲೆಕ್ಕ ಹಾಕ್ತಾರೆ. ಆದ್ರೂ ಎಲ್ಲಿ ಹೊಡೆದ್ರೆ ಹೆಚ್ಚು ಬೀಳ್ತದೆ ಅನ್ನುವುದಕ್ಕೆ ಹಳೇ ಎರಡು ಟಾಂಕಿಯ ಲೆಕ್ಕದ ಉತ್ತರ ಇವತ್ತಿಗೂ ನಿಂತಿದೆ.

ಅಕ್ಕ ಇಷ್ಟೆಲ್ಲ ಕೇಳಿ, "ಹಾಗಾದ್ರೆ ನಮ್ಮ ಟಾಂಕಿ?" ಅಂದ್ಳು. ಮುಚ್ಚಲಿನ ಒಡೆದ ಜಾಗಕ್ಕೆ ಸಣ್ಣ ಕಣ್ಣಿನ ಬಲೆ ಕಟ್ಟಿದೆವು, ಭಾನುವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕುದು ಅಂತ ಆಯ್ತು, ಮೊಟ್ಟೆ ನುಸಿ ಆಗಿ ಹಾರ್ಲಿಕ್ಕೆ ನಮ್ಮ ಸೆಕೆಗೆ ವಾರಕ್ಕಿಂತ ಸ್ವಲ್ಪ ಹೆಚ್ಚು ಸಾಕು, ಅದಕ್ಕೇ ವಾರಕ್ಕೊಮ್ಮೆ. ಅಕ್ಕನ ಮಗ ಬೇರೆ ಕೋಣೆಯಲ್ಲಿ ಪರದೆ ಒಳಗೆ ಮಲಗಿದ. ಆರೋಗ್ಯ ಕೇಂದ್ರದವ್ರು ಹೋಗುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಹೋಗಿದ್ರು, ನಾಲ್ಕು ವಾರದ ಆಚೆಗೆ. ಅಕ್ಕನಿಗೆ ಅದು ಎಂತ ಅಂತ ಗೊತ್ತಿರ್ಲಿಲ್ಲ. ನುಸಿಯ ಹೊಟ್ಟೆಯಲ್ಲಿ 10 ದಿನ, ಅದು ಕಚ್ಚಿದ ಮೇಲೆ ಮನುಷ್ಯನಲ್ಲಿ ಜ್ವರ ಕಾಣ್ಲಿಕ್ಕೆ ಸಾಮಾನ್ಯವಾಗಿ ಎರಡು ವಾರ, ಮೇಲೆ ಎರಡು ಮೂರು ದಿನ ಹೆಚ್ಚಿಗೆ ಹಿಡಿದದ್ದು. ಆ ತಾರೀಕು ದಾಟುವವರೆಗೆ ನಮ್ಮ ಮನೆಯಲ್ಲಾಗಲಿ ಆಚೀಚೆ ಮನೆಯಲ್ಲಾಗಲಿ ಯಾರಿಗೆ ಮೈ ಬಿಸಿ ಆದ್ರೂ ಬೆರಳು ಚುಚ್ಚಿಸಿ ರಕ್ತ ಕೊಡ್ಬೇಕು ಅಂತ ಹೇಳಿದೆ, ಅವಳು ಕೂಡ್ಲೇ ಎದ್ದು ಕೆಳಗಿನ ಮನೆಯವ್ರಿಗೆ ಹೇಳ್ಲಿಕ್ಕೆ ತೋಟದ ದಾರಿಯಲ್ಲಿ ಇಳಿದು ಹೋದ್ಳು.